ಟಾಂಗಾದ ಟಾಪು

ಕಮರಿಪೇಟೆಯಲ್ಲಿ ಚಹಾ ಮಾರುವ ಇಮಾಮಹುಸೇನನನ್ನು ಯಾರೂ ಕೆಟ್ಟವನೆನ್ನುವುದಿಲ್ಲ. ಸಿಟ್ಟಿನವ ಅನ್ನುತ್ತಾರೆ, ಅದು ಖರೇನೇ. ಅವನ ಚಹಾದ ಗಾಡಿಗೆ ನೆರಳಾಗಿರುವುದು ಒಂದು ಹಳೆಯ ಟಾಂಗಾದ ಟಾಪು, ಕುದುರೆಗಾಡಿಯ ಬಾಗಿದ ಚಾವಣಿ. ಅದನ್ನು ತಟ್ಟಿ ಯಾರಾದರೂ, 'ಕುದುರಿ ಎಲ್ಲೈತಿ ಕಾಕಾ' ಎಂದು ಚೇಷ್ಟೆ ಮಾಡಿದರೆ ಮುಗಿಯಿತು, ಒಲೆಯ ಮೇಲಿನ ಚಹಾಕ್ಕಿಂತ ಮೊದಲು ಅವನೇ ಉಕ್ಕುತ್ತಾನೆ. ಚೇಷ್ಟೆ ಮಾಡಿದವರಿಗೆ ಪಾಪ, ಏನು ಗೊತ್ತು? ಆ ಮಾತನ್ನು ಕೇಳುವ ಹಕ್ಕು ಒಂದೇ ಒಂದು ಬಾಯಿಗಿತ್ತು.

ಟಾಪು ಅವನ ಅಪ್ಪನದು. ಅಪ್ಪ ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಆಟೋಗಳು ಬಂದು ಟಾಂಗಾದವರ ಹೊಟ್ಟೆಯ ಮೇಲೆ ಕಾಲಿಟ್ಟಾಗ, ತೊಂಬತ್ತರ ಸುಮಾರಿಗೆ, ಮಗ ಕುದುರೆ ಮಾರಿದ. ಬಂದ ದುಡ್ಡನ್ನು ಓಣಿಯ ಗೆಳೆಯ ಶಿದ್ದಪ್ಪನ ದುಡ್ಡಿಗೆ ಕೂಡಿಸಿ, ಇಬ್ಬರ ಪಾಲಿನಲ್ಲಿ ಒಂದು ಪೆಟ್ರೋಲ್ ಜನರೇಟರ್ ಕೊಂಡರು. ಲಗ್ನವಿರಲಿ, ಗಣಪತಿಯಿರಲಿ, ಉರುಸಿರಲಿ, ಕರೆಂಟು ಕೈಕೊಟ್ಟಲ್ಲೆಲ್ಲ ಬಾಡಿಗೆಗೆ ಹೋಗುವ ದಂಧೆ. ಅಂಗಡಿಗೆ ಹೆಸರೇನಿಡೋಣ ಎಂಬ ಮಾತು ಬಂದಾಗ, ಆಗಷ್ಟೇ ತೊದಲು ಮಾತು ಕಲಿಯುತ್ತಿದ್ದ ಶಿದ್ದಪ್ಪನ ಮಗಳನ್ನು ಎತ್ತಿಕೊಂಡು ಇಮಾಮಹುಸೇನನೇ ಹೇಳಿದ, 'ಜಯಾ ಲೈಟಿಂಗ್' ಅಂತ. ಬೋರ್ಡಿನ ಮೇಲೆ ಇಬ್ಬರ ಹೆಸರೂ ಬಂತು.

ಶಿದ್ದಪ್ಪನದು ಮಾತು, ಇವನದು ಮಶೀನು. ಮಳೆಗಾಲದಲ್ಲಿ ಅದನ್ನು ಕಾಯುವುದೆಂದರೆ ಬಾಣಂತಿಯನ್ನು ಕಾದ ಹಾಗೆ. ನೀರು ಬಿದ್ದರೆ ವಾಯರ್ ಸಿಗಿಸುವ ಜಾಗದಲ್ಲಿ ಶಾರ್ಟ್ ಆಗಿ ಮುಟ್ಟಿದವನ ಜೀವಕ್ಕೇ ಸಂಚಕಾರ. ನೀರಿಗೆ ಹೆದರಿ ತಾಡಪತ್ರಿ ಸುತ್ತಿದರೆ ಗಾಳಿಯಿಲ್ಲದೆ ಕಾದು ಸುಟ್ಟುಹೋಗುತ್ತದೆ. ತಲೆ ಮುಚ್ಚಬೇಕು, ಮೈ ಮುಚ್ಚಬಾರದು. ಇಮಾಮಹುಸೇನ ಬಹಳ ದಿನ ತಲೆ ಕೆರೆದುಕೊಂಡು, ಕೊನೆಗೆ ಮನೆಯ ಹಿಂದೆ ಬಿದ್ದಿದ್ದ ಟಾಂಗಾದ ಟಾಪನ್ನು ನಾಲ್ಕು ಕಬ್ಬಿಣದ ಪೈಪಿನ ಮೇಲೆ ಕೂರಿಸಿದ. ಕೆಳಗೆ ಇಟ್ಟಂಗಿ, ಇಟ್ಟಂಗಿಯ ಮೇಲೆ ಮಶೀನು. ಮಳೆಗಾಳಿ ಬೀಸುವ ಕಡೆಗೆ ಟಾಪಿನ ಬೆನ್ನು, ಗಾಳಿ ಹೋಗುವ ಕಡೆಗೆ ಹೊಗೆ. ಶಿದ್ದಪ್ಪ ಮೊದಲು ಬಿದ್ದುಬಿದ್ದು ನಕ್ಕ, ಆಮೇಲೆ ಊರ ತುಂಬ ಹೊಗಳಿಕೊಂಡು ತಿರುಗಿದ.

ಮಶೀನು ಬಂದ್ ಇದ್ದಾಗ ಆ ಟಾಪಿನ ಕೆಳಗೆ ಜಯಾಳ ದರಬಾರು. ಕುದುರೆ ಎಲ್ಲಿ ಎಂದು ಕಾಕಾನನ್ನು ದಿನಾ ಕೇಳುವಳು. 'ಇದ ನೋಡವ್ವಾ ಕುದುರಿ. ಹುಲ್ಲು ತಿನ್ನೂದಿಲ್ಲ, ಪೆಟ್ರೋಲ ಕುಡೀತೈತಿ' ಎಂದು ಅವನೂ ದಿನಾ ಹೇಳುವನು. ಇಮಾಮಹುಸೇನನಿಗೆ ಮಕ್ಕಳಿಲ್ಲ. ಅವನ ಹೆಂಡತಿ ಶಹಜಹಾನಬೇಗಂ ಜಯಾಳಿಗೆ ಜಡೆ ಹಾಕದೆ ಶಾಲೆಗೆ ಕಳಿಸಿದ್ದೇ ಇಲ್ಲ. ಹೆತ್ತವರು ಒಬ್ಬರು, ಹೊತ್ತವರು ಒಬ್ಬರು ಅನ್ನುವ ಹಾಗೆ ಆ ಕೂಸು ಬೆಳೆಯಿತು.

ಎರಡು ಸಾವಿರದ ಆರೋ ಏಳೋ ಇರಬೇಕು, ಜಯಾಳಿಗೆ ನವನಗರದ ದೊಡ್ಡ ಮನೆಯ ಸಂಬಂಧ ಕೂಡಿಬಂತು. ಲಗ್ನದ ಮುಂದೆ ಶಿದ್ದಪ್ಪ ಅಂಗಡಿಯ ಬೋರ್ಡನ್ನು ಹೊಸದಾಗಿ ಬರೆಸಿದ. ಅದರಲ್ಲಿ ಒಬ್ಬನದೇ ಹೆಸರು. ಕೇಳಿದ್ದಕ್ಕೆ, ಪೇಂಟರ್ ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ, ಲಗ್ನ ಮುಗಿಯಲಿ ಎಂದ. ಇಮಾಮಹುಸೇನ ನಂಬಿದ. ನಂಬಿದವನಿಗೆ ಬುದ್ಧಿಯಿಲ್ಲ ಅನ್ನಬಹುದು. ಆದರೆ ಅಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನನ್ನು ನಂಬದೆ ಇನ್ಯಾರನ್ನು ನಂಬಬೇಕು? ಜಯಾಳ ಕಾಕಾಂದಿರ ಸಾಲಿನಲ್ಲಿ ನಿಂತು ಅಕ್ಕಿಕಾಳು ಹಾಕಲು ಅವನು ಹೊಸ ಅಂಗಿಯನ್ನೂ ಹೊಲಿಸಿದ್ದ.

ಲಗ್ನ ಗೋಧೂಳಿ ಮುಹೂರ್ತಕ್ಕೆ. ಮಶೀನನ್ನು ಬೇರೆಯವರ ಕೈಗೆ ಕೊಡುವುದು ಬೇಡ, ನೀನೇ ನೋಡಿಕೋ ಎಂದು ಶಿದ್ದಪ್ಪ ಹೇಳಿದಾಗ ಇವನಿಗೆ ಅದೂ ಪ್ರೀತಿಯಾಗಿಯೇ ಕಂಡಿತು. ಕಲ್ಯಾಣ ಮಂಟಪದ ಹಿಂದೆ ಟಾಪು ನಿಲ್ಲಿಸಿ ಮಶೀನು ಸಜ್ಜು ಮಾಡಿದ. ಸಂಜೆಯಾಗುತ್ತಲೇ ಅಡ್ಡಮಳೆ ಗುಡುಗಿನ ಸಮೇತ ಬಂತು, ಕರೆಂಟು ಹೋಯಿತು, ಅವನು ಮಶೀನು ಚಾಲೂ ಮಾಡಿದ. ಗಾಳಿಗೆ ಟಾಪಿನ ಒಂದು ಹಗ್ಗ ಹರಿಯಿತು. ಇಮಾಮಹುಸೇನ ಎರಡೂ ಕೈಯಿಂದ ಪೈಪು ತಬ್ಬಿ ಹಿಡಿದು ನಿಂತ. ಹೊಸ ಅಂಗಿ ಮೈಗೆ ಅಂಟಿತು. ಕೈಬಿಟ್ಟರೆ ಟಾಪು ಹಾರುತ್ತದೆ, ಮಶೀನು ತೋಯುತ್ತದೆ, ಮುಹೂರ್ತ ಕತ್ತಲಲ್ಲಿ ಆಗುತ್ತದೆ.

ಆಗ ಕೊಡೆ ಹಿಡಿದು ವರನ ಅಪ್ಪ ಮೈಲಾರಲಿಂಗಪ್ಪ ಹಿಂದಿನ ಬಾಗಿಲಿಗೆ ಬಂದರು. ಬೆನ್ನಿಗೆ ಶಿದ್ದಪ್ಪ. ಮಶೀನನ್ನು ಒಳಗೆ ತರಬಾರದೇ ಎಂದು ಅವರು ಕೇಳಿದರು. ಒಳಗೆ ಹಚ್ಚಿದರೆ ಹೊಗೆಗೆ ಮಂದಿಯ ಜೀವ ಹೋಗುತ್ತದೆ, ಇಲ್ಲೇ ಇರಲಿ ಎಂದು ಇಮಾಮಹುಸೇನ ವಿನಯದಿಂದಲೇ ಹೇಳಿದ. ಅವರಿಗೆ ಬಹಳ ಸಂತೋಷವಾಯಿತು.

'ಬೀಗರ, ನೀವು ಹೇಳಿದ್ದು ಖರೇ ನೋಡ್ರಿ,' ಎಂದು ಶಿದ್ದಪ್ಪನ ಕಡೆ ತಿರುಗಿದರು. 'ಇಂಥಾ ನಿಯತ್ತಿನ ಆಳು ಈಗಿನ ಕಾಲದಾಗ ಎಲ್ಲಿ ಸಿಗ್ತಾರ್ರಿ?'

ಇಮಾಮಹುಸೇನ ಶಿದ್ದಪ್ಪನ ಮುಖ ನೋಡಿದ. ಈಗ ಹೇಳುತ್ತಾನೆ, ಇವ ಆಳಲ್ಲ, ನನ್ನ ಪಾಲುದಾರ ಎಂದು ಈಗ ಹೇಳುತ್ತಾನೆ ಎಂದು ಕಾದ. ಶಿದ್ದಪ್ಪ ಗಂಟಲು ಸರಿಮಾಡಿಕೊಂಡ.

'ನನ್ನ ಮಾರಿ ಏನ ನೋಡ್ತಿ? ಮಶೀನ ನೋಡು.'

ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಳ್ಳಲ್ಲ. ಇಮಾಮಹುಸೇನ ಮಶೀನಿನ ಕಡೆ ತಿರುಗಿದ. ಮಶೀನಿನ ಸ್ವಿಚ್ಚು ಕೈಯಳತೆಯಲ್ಲೇ ಇತ್ತು. ಒಂದು ಬೆರಳು ಸಾಕಿತ್ತು. ಅಷ್ಟರಲ್ಲಿ ಒಳಗಿನಿಂದ ಮಂಗಲಾಷ್ಟಕ ಕೇಳಿಸಿತು, ಮೈಕಿನಲ್ಲಿ ಜಯಾಳ ಹೆಸರು ಬಂತು. ಅವನು ಸ್ವಿಚ್ಚು ಮುಟ್ಟಲಿಲ್ಲ. ಪೈಪನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಒಳಗೆ ಅಕ್ಕಿಕಾಳು ಬಿದ್ದವು.

ಹೆಣ್ಣು ಒಪ್ಪಿಸುವ ಹೊತ್ತಿಗೂ ಮಳೆ ಜಿನುಗುತ್ತಲೇ ಇತ್ತು. ಕಾರು ಹತ್ತುವ ಮೊದಲು ಜಯಾ ಮಾವನೊಂದಿಗೆ, ಅಪ್ಪನೊಂದಿಗೆ ಹಿಂದಿನ ಬಾಗಿಲಿಗೆ ಬಂದಳು. ಕೈಯಲ್ಲಿ ಊಟದ ಪೊಟ್ಟಣವಿತ್ತು. ಇಮಾಮಹುಸೇನ ಗಡಿಬಿಡಿಯಿಂದ ಕೈ ಒರೆಸಿಕೊಂಡ. ಶಿದ್ದಪ್ಪ ಏನೇ ಅಂದಿರಲಿ, ಈ ಹುಡುಗಿ ಒಮ್ಮೆ ಕಾಕಾ ಅಂದರೆ ಎಲ್ಲವನ್ನೂ ನುಂಗಿಕೊಳ್ಳಲು ಅವನು ತಯಾರಿದ್ದ.

ಜಯಾ ಅಪ್ಪನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಪೊಟ್ಟಣ ಚಾಚಿದಳು.

'ತಗೋಪಾ. ಉಂಡು ಹೋಗು.'

'ಆಗಲ್ರಿ, ಅಕ್ಕಾರ,' ಎಂದು ಇಮಾಮಹುಸೇನ ಎರಡೂ ಕೈಯೊಡ್ಡಿ ತೆಗೆದುಕೊಂಡ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಜಯಾ ಬಿಕ್ಕಿಬಿಕ್ಕಿ ಅಳತೊಡಗಿದಳು. ತವರು ಬಿಡುವ ಹೆಣ್ಣು ಅಳದೆ ಏನು ಮಾಡೀತು ಎಂದು ಮೈಲಾರಲಿಂಗಪ್ಪ ಸೊಸೆಯನ್ನು ಸಮಾಧಾನ ಮಾಡಿ ಕರೆದುಕೊಂಡು ಹೋದರು.

ಕಾರಿನ ದೀಪ ಮರೆಯಾಗುವ ತನಕ ಇಮಾಮಹುಸೇನ ಕಾದ. ಆಮೇಲೆ ಮಶೀನು ಬಂದ್ ಮಾಡಿ ಟಾಪಿನ ಹಗ್ಗ ಬಿಚ್ಚತೊಡಗಿದ. ಮಂಟಪವೆಲ್ಲ ಕತ್ತಲು. ಶಿದ್ದಪ್ಪ ಬ್ಯಾಟರಿ ಹಿಡಿದು ಓಡಿಬಂದ. ಬೀಗರು ದೊಡ್ಡ ಮಂದಿ, ನಿನ್ನಂಥವನ ಕೂಡ ಪಾಲುಗಾರಿಕೆ ಅಂದರೆ ಏನು ತಿಳಿದಾರೋ ಅಂತ ಹಾಗೆ ಅಂದೆ, ಒಂದು ಮಾತಿನಿಂದ ನಿನಗೇನು ಕಮ್ಮಿಯಾಯಿತು, ಹೊಟ್ಟೆಗೆ ಹಾಕಿಕೋ ಎಂದು ಬೇಡಿಕೊಂಡ.

'ನೀ ಅಂದಿದ್ದನ್ನ ಹೊಟ್ಯಾಗ ಹಾಕ್ಕೋತಿದ್ದೆ ಶಿದ್ದಪ್ಪಾ,' ಎಂದ ಇಮಾಮಹುಸೇನ. 'ಆ ಕೂಸಿನ ಬಾಯಿಲೆ ಯಾಕ ಅನಿಸಿದಿ?'

ಮಶೀನು ನೀನೇ ಇಟ್ಟುಕೋ, ಟಾಪು ನನ್ನಪ್ಪನದು ಎಂದು ಹೇಳಿ ಇಮಾಮಹುಸೇನ ಅದನ್ನು ತಲೆಯ ಮೇಲೆ ಹೊತ್ತುಕೊಂಡ. ಊಟದ ಪೊಟ್ಟಣ ಮಶೀನಿನ ಮೇಲೆಯೇ ಉಳಿಯಿತು, ಎರಡೂ ಮಳೆಯಲ್ಲಿ ತೋಯುತ್ತಿದ್ದವು.