ಕಣದ ಕಂಬದ ಫೋನು

ದೊಡ್ಡಪ್ಪನ ಎದೆ ಕೂತಲ್ಲೇ ಓಟ ಕೀಳುತ್ತಿತ್ತು. ತೊಡೆಯ ರಕ್ತನಾಳದಿಂದ ಸಣ್ಣ ತಂತಿಯೊಂದನ್ನು ಹೃದಯದವರೆಗೆ ತೂರಿಸಿ, ರೇಡಿಯೊ ತರಂಗದ ಕಾವಿನಿಂದ ತಪ್ಪು ಬಡಿತ ಹುಟ್ಟುವ ಜಾಗವನ್ನಷ್ಟೇ ಸುಡುತ್ತೇವೆ ಎಂದಿದ್ದರು ಮಂಗಳೂರಿನ ಡಾಕ್ಟರು. ದೊಡ್ಡಪ್ಪನ ಮಗ, ನನಗೆ ಅಣ್ಣ, ಅವರನ್ನು ಕರೆದುಕೊಂಡು ಹೋದ. ಇತ್ತ ನಮ್ಮೂರು ಹೆಗ್ಗದ್ದೆಯಲ್ಲಿ ಕಣದ ತುಂಬ ಕಾಫಿ ಒಣಗಲು ಹರವಿತ್ತು. ಹಾಗಾಗಿ ದೊಡ್ಡಮ್ಮ ಉಳಿದರು, ಜೊತೆಗೆ ನಾನು.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ಕಂಬದ ಹತ್ತಿರ ಮಾತ್ರ. ಮನೆಯ ಬಟನ್ ಫೋನು ಹಗಲೆಲ್ಲ ಆ ಕಂಬದ ಮೊಳೆಗೇ ಚೀಲದಲ್ಲಿ ನೇತಾಡುತ್ತಿರುತ್ತದೆ. ಹನ್ನೊಂದಕ್ಕೆ ಒಳಗೆ ಕರೆದೊಯ್ಯುತ್ತಾರೆ, ಎರಡು ಗಂಟೆಯ ಕೆಲಸ ಎಂದಿದ್ದ ಅಣ್ಣ. ಒಂದಾಯಿತು, ಎರಡಾಯಿತು. ಫೋನು ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ, ಅದೇ. ಏನೋ ಆಗಿದೆ, ಹೇಳಲಾರದೆ ಆರಿಸಿದ್ದಾನೆ ಎಂದುಕೊಂಡು ದೊಡ್ಡಮ್ಮನತ್ತ ಓಡಿದೆ.

ಅವರು ಮಗುಚಿದ ಕಾಫಿಯನ್ನೇ ಹಲಗೆಯಿಂದ ಮತ್ತೆ ಮಗುಚುತ್ತಿದ್ದರು.

"ಅಣ್ಣನ ಫೋನು ಆಫ್ ಐತೆ ದೊಡ್ಡಮ್ಮ."

"ನಾನೇ ಆರ್ಸು ಅಂದಿದ್ದು ಕಣೋ, ಬೆಳಿಗ್ಗೆ."

"ಯಾಕೆ?"

"ಫೋನು ಬರೋ ಮುಂಚೆ ನಮ್ಮ ರೇಡಿಯೊ ಗರ್ರ್ ಅನ್ನಲ್ವಾ? ಅವರ ಎದೇಲೂ ಈಗ ರೇಡಿಯೊ ಬುಟ್ಟಿರ್ತಾರೆ. ನೀವೆಲ್ಲ ಫೋನ್ ಮಾಡಿ ಗರ್ರ್ ಅನ್ಸಿ, ಆ ತಂತಿ ಎಲ್ಲೆಲ್ಲೋ ಸುಟ್ಬುಟ್ರೆ?"

"ಅಯ್ಯೋ, ಅಲ್ಲಿ ಅದಕ್ಕೆಲ್ಲ ವ್ಯವಸ್ಥೆ ಮಾಡ್ಕೊಂಡಿರ್ತಾರೆ! ಈಗ ಆಫ್ ಆಗಿರೋ ಫೋನನ್ನ ಮತ್ತೆ ಹಾಕು ಅಂತ ಅವನಿಗೆ ಹೇಳೋದು ಹೆಂಗೆ?"

ಅವರ ಕೈಯ ಹಲಗೆ ನಿಂತಿತು. ಅಷ್ಟು ದೂರ ಯೋಚಿಸಿರಲಿಲ್ಲ. ಅಣ್ಣನೋ, ಅವ್ವ ಆರಿಸು ಎಂದರೆ ಹಾಕು ಎನ್ನುವವರೆಗೂ ಹಾಕುವವನಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಒಳಗಿನಿಂದ ಹಳೆಯ ರೇಡಿಯೊ ತಂದು ಕಂಬದ ಬುಡದಲ್ಲಿಟ್ಟು ಹಾಕಿದರು.

"ಫೋನು ಬರೋದು ಒಂಚೂರು ಮುಂಚೇನೇ ಗೊತ್ತಾಗ್ಬುಡ್ಲಿ."

ರೇಡಿಯೊದಲ್ಲಿ ಯಾರೋ ಮೆಣಸಿನ ಬಳ್ಳಿಯ ರೋಗದ ಬಗ್ಗೆ ಮಾತಾಡುತ್ತಿದ್ದರು. ಆ ಮಾತಿನ ನಡುವೆ ಗರಗರ ಬರುತ್ತದೋ ಎಂದು ಇಬ್ಬರೂ ಕಿವಿಗೊಟ್ಟು ಕೂತೆವು. ರೋಗ ಮುಗಿಯಿತು, ಗೊಬ್ಬರ ಶುರುವಾಯಿತು. ದೊಡ್ಡಮ್ಮ ಸೆರಗಿನ ಅಂಚನ್ನು ಹಿಂಡುತ್ತಲೇ ಇದ್ದರು.

ಮೂರೂವರೆಗೆ ರೇಡಿಯೊ ಗರ್ರ್ ಎಂದಿತು. ಅವರು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು. ಫೋನು ಬಡಿದುಕೊಂಡಿತು. ಎತ್ತಿ ಅವರ ಕಿವಿಗಿಟ್ಟೆ. ಬಳಲಿದ್ದರೂ ಗದರುವ ದೊಡ್ಡಪ್ಪನ ದನಿ ನನಗೂ ಕೇಳಿತು:

"ಫೋನ್ ಆರ್ಸು ಅಂದಿದ್ಯಂತಲ್ಲೇ, ಬುದ್ಧಿ ಐತಾ ನಿಂಗೆ? ಕಾಫಿ ಮಗುಚಿದ್ಯಾ?"

ದೊಡ್ಡಮ್ಮ ಬಗ್ಗಿ ಮೊದಲು ರೇಡಿಯೊ ಆರಿಸಿದರು. ಕಣ್ಣೊರೆಸಿಕೊಂಡರು.

"ಹ್ಞಾಂ, ಈಗ ಹೇಳಿ," ಎಂದರು.