ಮೇನ್ ವಾಲ್ವ್ ಮುಚ್ಚಿದವನು

ಆ ಬೀದಿಯ ನಲ್ಲಿ ರಿಪೇರಿಯವನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತಂತೆ. ಊರು ಮಾತ್ರ ಅವನನ್ನು ವಾಷರ್ ಎಂದೇ ಕರೆಯುತ್ತಿತ್ತು. ಜೇಬಿಗೆ ಕೈ ಹಾಕಿದರೆ ಚಿಲ್ಲರೆಗಿಂತ ಮೊದಲು ವಾಷರ್ ಬರುತ್ತಿತ್ತು. ಒಮ್ಮೆ ಬಸ್ಸಿನ ಕಂಡಕ್ಟರನ ಕೈಗೆ ಅದನ್ನೇ ತುರುಕಿ ಟಿಕೆಟ್ ಹರಿಸಿಕೊಂಡಿದ್ದನಂತೆ. ಕಂಡಕ್ಟರ್ ಅದನ್ನು ಮನೆಯ ನಲ್ಲಿಗೆ ಹಾಕಿ, ಸೋರುವುದು ನಿಂತ ಖುಷಿಗೆ ಮಾರನೆಯ ದಿನ ಪುಕ್ಕಟೆ ಕರೆದುಕೊಂಡು ಹೋದನಂತೆ. ನಂಬುವವರು ನಂಬಬಹುದು. ಪೈಪಿಗೆ ಕಿವಿಯಿಟ್ಟರೆ ಆಚೆ ಬೀದಿಯಲ್ಲಿ ಯಾರು ಮುಖ ತೊಳೆಯುತ್ತಿದ್ದಾರೆ, ಯಾರು ಬರೀ ನಲ್ಲಿ ಬಿಟ್ಟುಕೊಂಡು ತೊಳೆದಂತೆ ನಟಿಸುತ್ತಿದ್ದಾರೆ ಎಂಬುದೂ ಅವನಿಗೆ ತಿಳಿಯುತ್ತಿತ್ತಂತೆ. ಇದನ್ನು ನಂಬಲೇಬೇಕು. ಏಕೆಂದರೆ ಹೀಗೆ ಹೇಳುತ್ತಿದ್ದವಳು ಅವನ ಅಕ್ಕ, ಅವಳು ತಮ್ಮನನ್ನು ಹೊಗಳುತ್ತಿದ್ದುದು ಇದೊಂದೇ ವಿಷಯಕ್ಕೆ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದ್ದು ಅವಳ ಹೊಲಿಗೆ ಯಂತ್ರ. ಅವನಿಗೆ ಹೆಣ್ಣು ನೋಡುತ್ತ ನೋಡುತ್ತ ತನ್ನ ಮದುವೆಯನ್ನೇ ಮರೆತಳು. ಕೊನೆಗೆ ಅವನದೂ ಆಗಲಿಲ್ಲ. ಮುಂದೆ ಅವನ ಅಂಗಡಿ, ಹಿಂದೆ ಎರಡು ಕೋಣೆ. ಕಿಟಕಿಯ ಹತ್ತಿರ ಅವಳ ಯಂತ್ರ, ಮಂಚದ ಕೆಳಗೆ ಅವನ ಪೈಪುಗಳು. ಹೆಜ್ಜೆ ಇಟ್ಟಲ್ಲಿ ಒಂದೋ ಸೂಜಿ ಚುಚ್ಚಬೇಕು, ಇಲ್ಲವೇ ನಟ್ಟು ಒತ್ತಬೇಕು.

ವಾಷರನ ಕಸುಬಿನಲ್ಲಿ ಒಂದು ನಿಯಮವಿತ್ತು. ಎಲ್ಲೇ ಸೋರಲಿ, ಮೊದಲು ಮೇನ್ ವಾಲ್ವ್ ಮುಚ್ಚಬೇಕು. ಮನೆಯವರು ಬಾಯಿ ಬಡಿದುಕೊಳ್ಳುತ್ತಿರಲಿ, ಗೋಡೆ ತೊಯ್ದು ಕುಸಿಯುವಂತಾಗಲಿ, ಅವನು ಸೋರುವ ಜಾಗವನ್ನು ಕಣ್ಣೆತ್ತಿಯೂ ನೋಡದೆ ವಾಲ್ವಿನ ಕಡೆಗೆ ಓಡುತ್ತಿದ್ದ. ಬರುವ ನೀರು ನಿಂತರೆ ಹೋಗುವ ನೀರೂ ನಿಲ್ಲುತ್ತದೆ. ಆ ನಿಯಮ ಅವನ ಕೈಬಿಟ್ಟದ್ದೇ ಇಲ್ಲ.

ಹಿಂದಿನ ಓಣಿಯಲ್ಲಿ ನೀರಿನ ಪೈಪು ಚರಂಡಿಗೆ ಅಂಟಿಕೊಂಡೇ ಹೋಗುತ್ತಿತ್ತು. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ತುಕ್ಕು ಹಿಡಿದ ಜಾಯಿಂಟಿನಿಂದ ಚರಂಡಿಯನ್ನೇ ಹೀರಿಕೊಂಡಿತು. ಬೀದಿಯ ಹೊಟ್ಟೆಗಳೆಲ್ಲ ಒಂದೊಂದಾಗಿ ಕೆಟ್ಟವು. ಮೊದಮೊದಲು ಜನ ನಕ್ಕರು. "ನಮ್ಮನೇಲಿ ಪಾಯಿಖಾನೆಗೂ ಟೋಕನ್ ಕೊಡೋ ಹಾಗಾಗಿದೆ ಕಣೋ," ಎಂದು ಎದುರಿನ ಟೀ ಅಂಗಡಿಯವನು ಹೇಳಿಕೊಂಡು ತಿರುಗಿದ. ಮೂಲೆಮನೆಯ ಮುದುಕ ಸತ್ತ ಮೇಲೆ ನಗು ನಿಂತಿತು.

ಅಕ್ಕನಿಗೆ ಬೆಳಿಗ್ಗೆ ಶುರುವಾಯಿತು. ನೋವಿಲ್ಲ, ಜ್ವರವಿಲ್ಲ. ಅಕ್ಕಿ ತೊಳೆದ ನೀರಿನಂಥದ್ದು ಬಕೆಟ್ಟುಗಟ್ಟಲೆ ಹೋಗತೊಡಗಿತು. ಒಂದು ಲೋಟ ನೀರು ಕುಡಿದಳು, ಅದು ವಾಂತಿಯಾಯಿತು. ಇನ್ನೊಂದು ಕುಡಿದಳು, ಅದೂ ಹೋಯಿತು. ವಾಷರ್ ಬಿಂದಿಗೆಯನ್ನು ಎತ್ತಿ ಅಂಗಡಿಯೊಳಗಿಟ್ಟು ಬಾಗಿಲು ಹಾಕಿದ.

"ನೀರು ಕೊಡೋ."

"ಇಲ್ಲ. ಹಾಕಿದಷ್ಟೂ ಸೋರ್ತಿದೆ. ಮೊದಲು ನಿಲ್ಲಲಿ."

"ನಾನೇನು ನಲ್ಲಿಯೇನೋ, ಮುಠ್ಠಾಳ?"

"ನಲ್ಲಿಯಾದ್ರೆ ಇಷ್ಟು ಮಾತಾಡ್ತಿರಲಿಲ್ಲ. ಸುಮ್ನೆ ಮಲಗು."

ಅವಳು ನಕ್ಕಳು. ನಗುವಿಗೆ ದನಿಯಿರಲಿಲ್ಲ. ಅವನು ಬಟ್ಟೆಯ ತುದಿ ಒದ್ದೆ ಮಾಡಿ ಅವಳ ತುಟಿಗೆ ಒತ್ತಿದ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹೀರಿದಳು, ಬಿಡಿಸಿಕೊಳ್ಳಲು ಅವನು ಎಳೆಯಬೇಕಾಯಿತು. ಇಷ್ಟಾದರೂ ಹೋಗುವುದು ನಿಲ್ಲಲಿಲ್ಲ. ಮೇನ್ ಮುಚ್ಚಿದ ಮೇಲೂ ಸೋರುವ ಪೈಪನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ. ಪೈಪಿನಲ್ಲಿ ಉಳಿದದ್ದು ಬರುತ್ತಿರಬೇಕು, ಇನ್ನೇನು ನಿಲ್ಲುತ್ತದೆ ಎಂದುಕೊಂಡ. ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದಿದ್ದವು. ಮೀನಖಂಡ ಗಂಟುಕಟ್ಟಿ ನರಳುತ್ತಿದ್ದಳು. ಅವನು ಕೈ ಹಿಡಿದರೆ ಚರ್ಮ ಮಡಿಕೆಬಿದ್ದದ್ದು ಹಾಗೇ ನಿಂತಿತು.

ಟೀ ಅಂಗಡಿಯವನೇ ಆಟೋ ತಂದು, ಅವಳನ್ನು ಎತ್ತಿಹಾಕಿಕೊಂಡು ಆಸ್ಪತ್ರೆಗೆ ಕರೆದೊಯ್ದ.

"ಎಷ್ಟೊತ್ತಿಂದ ನೀರು ಕುಡಿಸಿಲ್ಲ ಇವರಿಗೆ?" ಡಾಕ್ಟರು ಗದರಿದರು. "ಯಾರು ನೋಡ್ಕೊಳ್ತಿದ್ದಿದ್ದು?"

ವಾಷರ್ ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಪಿಸುಗುಟ್ಟಿದಳು: "ನಾನೇ ಬೇಡ ಅಂದೆ ಡಾಕ್ಟ್ರೇ. ಅವನು ಪಾಪ, ಕುಡಿ ಕುಡಿ ಅಂತಾನೇ ಇದ್ದ."

ಅವನು ತೆರೆದ ಬಾಯನ್ನು ಮುಚ್ಚಿದ. ಟೀ ಅಂಗಡಿಯವನು ಲೊಚಗುಟ್ಟಿ, "ನಿಮ್ಮಕ್ಕನ ಹಟ ಗೊತ್ತಿರೋದೇ ಬಿಡು," ಎಂದು ಅಂಗಡಿ ನೋಡಿಕೊಳ್ಳಲು ಹೊರಟುಹೋದ.

ಎರಡೂ ಕೈಗೆ ಸಲೈನ್ ಏರಿಸಿದರು. ಮಂಚದ ನಡುವೆ ತೂತು, ಅದರ ಕೆಳಗೆ ಬಕೆಟ್ಟು. ನರ್ಸಮ್ಮ ಬಂದು ಬಕೆಟ್ಟಿನಲ್ಲಿ ಎಷ್ಟು ತುಂಬಿದೆ ಎಂದು ನೋಡಿದಾಗ ಅವನು ಮೆಲ್ಲಗೆ ಕೇಳಿದ:

"ನೀರು ಹಾಕಿದ್ರೆ ತಾನೇ ಸೋರೋದು ಸಿಸ್ಟರ್? ಅವಳು ಬೇಡ ಅಂದಿದ್ದು... ಒಂದು ರೀತೀಲಿ ಒಳ್ಳೇದೇ ಆಯ್ತಲ್ವಾ?"

"ಕುಡಿಸಿದ ನೀರೇ ಹೊರಗೆ ಬರ್ತಿದೆ ಅಂದ್ಕೊಂಡ್ರಾ? ಅದು ರಕ್ತದಿಂದ ಬರ್ತಿರೋದಣ್ಣ."

"ಕರುಳು ಒಡೆದು ಹೋಗಿದ್ಯಾ?"

"ಎಲ್ಲೂ ಒಡೆದಿಲ್ಲ. ಈ ಕಾಲರಾ ಕ್ರಿಮಿ ಕರುಳನ್ನ ಕೊರೆಯಲ್ಲ, ಅಲ್ಲೇ ಅಂಟಿಕೊಂಡು ಒಂದು ವಿಷ ಬಿಡುತ್ತೆ. ಆ ವಿಷ ಕರುಳಿನ ಜೀವಕೋಶದ ಒಳಗೆ ನುಗ್ಗಿ, ಅಲ್ಲಿರೋ ಒಂದು ಸ್ವಿಚ್ಚನ್ನ ಆರಿಸೋಕೆ ಆಗದ ಹಾಗೆ ಒತ್ತಿ ಹಿಡಿಯುತ್ತೆ. ಮೈಯಲ್ಲಿರೋ ಉಪ್ಪೆಲ್ಲ ಕರುಳಿಗೆ ಸುರಿಯುತ್ತೆ. ಉಪ್ಪು ಹೋದ ಕಡೆ ನೀರೂ ಹೋಗುತ್ತೆ. ನೀವು ಕೊಟ್ರೂ ಹೋಗುತ್ತೆ, ಕೊಡದಿದ್ರೂ ಹೋಗುತ್ತೆ."

"ಹಾಗಾದ್ರೆ ಕುಡಿಸಿ ಏನುಪಯೋಗ?"

"ಅದೇ ಗೋಡೇಲಿ ಒಳಗೆ ಬರೋದಕ್ಕೆ ಇನ್ನೊಂದು ಬಾಗಿಲಿದೆ. ಉಪ್ಪು ಸಕ್ಕರೆ ಜೊತೆಯಾಗಿ ಬಂದ್ರೆ ಅದು ತೆರ್ಕೊಳ್ಳುತ್ತೆ, ಹಿಂದೇನೇ ನೀರನ್ನೂ ಎಳ್ಕೊಳ್ಳುತ್ತೆ. ಆ ಬಾಗಿಲನ್ನ ವಿಷ ಕೆಡಿಸೋಕೆ ಆಗಲ್ಲ. ಹೋದಷ್ಟನ್ನೂ ತುಂಬ್ತಾ ಇದ್ರೆ ವಿಷ ಹಿಡಿದ ಕೋಶಗಳು ತಾವೇ ಉದುರಿ ಹೊಸದು ಬರುತ್ತೆ. ಅಲ್ಲಿವರೆಗೂ ಮನುಷ್ಯ ಒಣಗದ ಹಾಗೆ ನೋಡ್ಕೊಂಡ್ರೆ ಸಾಕು." ನರ್ಸಮ್ಮ ಅಕ್ಕನ ಕಾಲಿನ ಬಳಿ ತೂಗುತ್ತಿದ್ದ ಮೂತ್ರದ ಚೀಲವನ್ನು ಎತ್ತಿ ನೋಡಿದಳು. ಅದು ಖಾಲಿಯಿತ್ತು. "ಇವರು ತುಂಬಾ ಒಣಗಿಬಿಟ್ಟಿದ್ದಾರೆ. ಇದರಲ್ಲಿ ಒಂದಿಷ್ಟು ಬಂದ್ರೆ ಕಿಡ್ನಿ ಉಳೀತು ಅಂತ."

ಮಾರನೆಯ ದಿನದ ಹೊತ್ತಿಗೆ ಭೇದಿ ಇಳಿಯಿತು. ನಾಡಿ ಬಂತು, ಕಣ್ಣು ಮೇಲೆದ್ದವು, ದನಿಯೂ ಬಂತು. ಚೀಲ ಮಾತ್ರ ತುಂಬಲಿಲ್ಲ. ಜೀವಮಾನವೆಲ್ಲ ನೀರು ನಿಲ್ಲಿಸಿ ಅನ್ನ ಸಂಪಾದಿಸಿದವನು ಒಂದು ತೊಟ್ಟು ಇಳಿಯಲೆಂದು ಆ ಚೀಲದ ಎದುರು ಕುಕ್ಕರುಗಾಲಿನಲ್ಲಿ ಕೂತ.

"ಏನೋ ಅದನ್ನೇ ದಿಟ್ಟಿಸ್ತೀಯ?" ಎಂದಳು ಅಕ್ಕ.

"ಅಕ್ಕ, ಡಾಕ್ಟರ ಹತ್ರ ಯಾಕೆ ಹಾಗೆ ಹೇಳ್ದೆ?"

"ಎಲ್ಲರೆದುರಿಗೆ ನಿನ್ನನ್ನ ಬೈಯ್ತಿದ್ರು. ಬೈಯೋದಕ್ಕೆ ನಾನಿಲ್ವೇನೋ?"

ಬೈಯಲಿಲ್ಲ. ಮೂರನೆಯ ದಿನ ಮುಖ, ಕಾಲು ಊದಿಕೊಂಡವು. ಉಸಿರು ಕಷ್ಟವಾಯಿತು. ದೊಡ್ಡಾಸ್ಪತ್ರೆಗೆ ಸಾಗಿಸಲು ಗಾಡಿ ಗೊತ್ತುಮಾಡುತ್ತಿರುವಾಗಲೇ, ಮಧ್ಯಾಹ್ನ, ಹೋಗಿಬಿಟ್ಟಳು.

ಅವಳನ್ನು ಮಣ್ಣುಮಾಡಿ ಬಂದವನು ಬೀದಿಯ ತಿರುವಿನಿಂದಲೇ ಟೀ ಅಂಗಡಿ ಮುಚ್ಚಿರುವುದನ್ನು ಕಂಡ. ಅದಕ್ಕೆ ಅಂಟಿದ ಮನೆಯ ಜಗಲಿಯಲ್ಲಿ ನಾಲ್ಕಾರು ಜನ ನಿಂತಿದ್ದರು. ಟೀ ಅಂಗಡಿಯವನು ಬಂದು ತೋಳು ಹಿಡಿದುಕೊಂಡ.

"ನಮ್ಮವಳಿಗೂ ಹಿಡ್ಕೊಂಡಿದೆ ಕಣೋ, ಬೆಳಿಗ್ಗೆಯಿಂದ. ಆಟೋಗೆ ಹೇಳಿದೀನಿ, ಇನ್ನೂ ಬಂದಿಲ್ಲ. ನೀರು ಮಾತ್ರ ಮುಟ್ಟಿಸಿಲ್ಲ."

"ಯಾಕೆ?"

"ನಿಮ್ಮಕ್ಕಂಗಿಂತ ತಿಳಿದೋರು ಈ ಬೀದೀಲಿ ಯಾರಿದ್ರು? ಡಾಕ್ಟ್ರು ಗದರಿದ್ರೇನು, ಅವರೇ ಬೇಡ ಅಂದ್ರಲ್ಲ, ನಾನೇ ಕಿವಿಯಾರೆ ಕೇಳಿದೀನಿ. ಕೊನೆಗೆ ಭೇದಿ ನಿಂತೇ ಹೋಯ್ತಂತಲ್ಲ, ಪ್ರಾಣ ತೆಗೆದಿದ್ದು ಕಿಡ್ನಿಯಂತೆ. ಮೇಲ್ಮನೇಲೂ ಒಬ್ಬರಿಗೆ ಶುರುವಾಗಿದೆ, ಅವರಿಗೂ ನೀರು ಕೊಡಬೇಡಿ ಅಂತ ಹೇಳಿದೀನಿ."

ಅಕ್ಕನ ಮಾತು ವಾಷರನ ಮೇಲೆ ಹೊದಿಸಿದ ಕಂಬಳಿಯಂತಿತ್ತು, ತೆಗೆಯಲು ಮನಸ್ಸಿರಲಿಲ್ಲ. ಒಳಗಿನಿಂದ ಹೆಂಗಸಿನ ದನಿ ಕೇಳಿತು: "ಒಂದೇ ಗುಟುಕು ಕೊಡ್ರೀ."

"ಅವಳು ಬೇಡ ಅನ್ನಲಿಲ್ಲ," ಎಂದ ವಾಷರ್. "ಕೇಳ್ತಾನೇ ಇದ್ಲು. ಬಿಂದಿಗೆ ಒಳಗಿಟ್ಟು ಬಾಗಿಲು ಹಾಕಿದ್ದು ನಾನು. ನೀರಿಲ್ದೆ ಒಣಗಿಸಿ ಕೊಂದಿದ್ದು ನಾನು."

ಟೀ ಅಂಗಡಿಯವನ ಕೈ ಅವನ ತೋಳಿನಿಂದ ಜಾರಿತು.

"ನೋಡ್ತಾ ನಿಲ್ಲಬೇಡ್ವೋ! ಕುದಿಸಿದ ನೀರಿದ್ಯಾ? ಉಪ್ಪು, ಸಕ್ಕರೆ ತಗೊಂಡು ಬಾ. ಯಾರಾದ್ರೂ ಮೇಲ್ಮನೆಗೆ ಓಡಿ."

ಒಬ್ಬಳು ಮೇಲ್ಮನೆಯ ಮೆಟ್ಟಿಲು ಹತ್ತಿ ಓಡಿದಳು. ಉಳಿದವರು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು, ಅವನ ಮುಖ ನೋಡಲಿಲ್ಲ. ಟೀ ಅಂಗಡಿಯವನು ಕೆಟಲು ತಂದಿಟ್ಟ. ಉಪ್ಪು, ಸಕ್ಕರೆಯ ಡಬ್ಬಿಗಳನ್ನು ಅವನ ಕೈಗೆ ಕೊಡದೆ ನೆಲದ ಮೇಲಿಟ್ಟ. ವಾಷರ್ ಕಲಸಿ, ಆ ಹೆಂಗಸಿನ ತಲೆ ಎತ್ತಿ ಹಿಡಿದು ಚಮಚದಲ್ಲಿ ಕುಡಿಸಿದ. ಅವಳು ಕುಡಿದಳು, ಅವನ ಅಂಗಿಯ ಮೇಲೇ ವಾಂತಿ ಮಾಡಿದಳು.

ಅವನು ಮತ್ತೆ ಚಮಚ ತುಂಬಿದ.