ಡೆಲ್ಫಿಯ ಕೆಂಪು ಕುರ್ಚಿ

ಶರತ್ಕಾಲ ಬಂತೆಂದರೆ ಥರ್ಜಾಳನ್ನು ಮನೆಯೊಳಗೆ ಹಿಡಿದಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಪೂರ್ವದಿಂದ ಹೊರಟ ಬಂಡಿಗಳು ಬೆಟ್ಟ ಇಳಿದು ಒರೆಗಾನಿನ ನಮ್ಮ ಕಣಿವೆಗೆ ಬಂದು ಸೇರುವ ಕಾಲ ಅದು. ಚಕ್ರದ ಸದ್ದು ಕೇಳಿದರೆ ಸಾಕು, ಒಲೆಯ ಮೇಲಿದ್ದದ್ದನ್ನು ಅಲ್ಲೇ ಬಿಟ್ಟು ರಸ್ತೆಗೆ ಓಡುತ್ತಿದ್ದಳು. ದಾರಿಯ ಧೂಳು ಮೆತ್ತಿಕೊಂಡು ಬಂದವರಿಗೆ ಒಂದು ಲೋಟ ನೀರು ಕೊಡುವ ಮೊದಲೇ ಕೇಳುವಳು: "ಪ್ಲ್ಯಾಟ್ ಹೊಳೆ ದಂಡೇಲಿ ಒಂದು ಪುಟ್ಟ ಕೆಂಪು ಕುರ್ಚಿ ಕಂಡ್ರಾ?"

ಜನ ಬಿದ್ದು ಬಿದ್ದು ನಗುತ್ತಿದ್ದರು. "ಯಾಕಮ್ಮಾ, ಮನೇಲಿ ಕೂರೋಕೆ ಜಾಗ ಇಲ್ವಾ?" ನಮ್ಮ ಕಣಿವೆಯವರಿಗೆ ಬೇಲಿ ಹಾಕುವುದು ತಡವಾದರೂ ಅಡ್ಡಹೆಸರು ಇಡುವುದು ತಡವಾಗುವುದಿಲ್ಲ. ಅವಳು ಕುರ್ಚಿ ಥರ್ಜಾ ಆದಳು. ಯಾಕೆ ಕೇಳುತ್ತೀಯೆಂದು ಅವಳನ್ನು ಒಬ್ಬರಾದರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಬಿಡಿ.

ಪಶ್ಚಿಮಕ್ಕೆ ಹೋಗೋಣವೆಂದದ್ದು ಅವಳ ಗಂಡ ಏಸಾ. ಮಿಸ್ಸೂರಿಯಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದವನ ತಲೆಯಲ್ಲಿ ಆ ಹುಳ ಹೊಕ್ಕಿತ್ತು. "ಅಲ್ಲಿ ಮಣ್ಣು ಬೆಣ್ಣೆ ಇದ್ದಂಗಿದೆಯಂತೆ ಕಣೇ" ಎಂದು ಊಟಕ್ಕೆ ಕೂತಾಗಲೆಲ್ಲ ರಾಗ ಎಳೆಯುತ್ತಿದ್ದ. ನಾಲ್ಕು ವರ್ಷದ ಮಗಳು ಡೆಲ್ಫಿ ಬರಲೊಲ್ಲೆನೆಂದು ಅತ್ತಾಗ, ಕೊಟ್ಟಿಗೆಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ಹಚ್ಚಿ ಅವಳಿಗೊಂದು ಕುರ್ಚಿ ಮಾಡಿಕೊಟ್ಟ. ಸಂಜೆ ಬಂಡಿ ನಿಂತ ಕಡೆಯಲ್ಲೆಲ್ಲ ಆ ಹುಡುಗಿ ತನ್ನ ಕುರ್ಚಿ ಇಳಿಸಿಕೊಂಡು, ಬೆಂಕಿಯ ಮುಂದೆ ಯಜಮಾನಿಯಂತೆ ಕೂತು ರೊಟ್ಟಿಗೆ ಕೈ ಚಾಚುತ್ತಿದ್ದಳು.

ಪ್ಲ್ಯಾಟ್ ಹೊಳೆಯ ಪಕ್ಕದಲ್ಲಿ ಕಾಲರಾ ಬಂತು. ಬೆಳಿಗ್ಗೆ ನೀರು ನೀರು ಎಂದ ಮಗು ಸಂಜೆಗೆ ಇರಲಿಲ್ಲ.

ಆ ದಾರಿಯಲ್ಲಿ ಸತ್ತವರನ್ನು ಹೂಳುತ್ತಿದ್ದುದು ಬಂಡಿಜಾಡಿನ ನಟ್ಟನಡುವೆ. ಮಣ್ಣು ಮುಚ್ಚಿ, ಅದರ ಮೇಲೆ ತಂಡದ ಬಂಡಿಗಳನ್ನೆಲ್ಲ ಹಾಯಿಸುತ್ತಿದ್ದರು. ನೆಲ ಗಟ್ಟಿಯಾಗಬೇಕು, ತೋಳಕ್ಕೆ ವಾಸನೆ ಹತ್ತಬಾರದು. ಗುರುತಿಗೊಂದು ಹಲಗೆಯನ್ನಾದರೂ ನೆಡುತ್ತೇನೆಂದು ಥರ್ಜಾ ಹಟ ಹಿಡಿದಾಗ, ತಂಡದ ಮುಖಂಡ ಹಾರ್ನ್‌ಬೆಕ್ ಟೋಪಿ ತೆಗೆದು ಅವಳೆದುರು ನಿಂತ. "ಗುರುತು ಬೇಡ ತಾಯೀ. ಗುರುತು ಇದ್ರೆ ಅಗೀತಾರೆ. ಮೃಗ ಅಗಿಯತ್ತೆ, ಇಲ್ದಿದ್ರೆ ಮನುಷ್ಯ ಬಟ್ಟೆ ಆಸೆಗೆ ಅಗೀತಾನೆ. ನನ್ನ ತಮ್ಮನ್ನ ಹಿಂಗೇ ಮಲಗಿಸಿ ಬಂದೋನು ನಾನು."

ಮೊದಲ ಬಂಡಿ ಏಸಾನದು. ಬೇರೆಯವರ ಚಕ್ರ ಮೊದಲು ಹತ್ತುವುದು ಬೇಡವೆಂದು ತಾನೇ ಎತ್ತು ಹೊಡೆದ. ಥರ್ಜಾ ಬದಿಯಲ್ಲಿ ನಿಂತು, ಟೋಪಿಯ ದಾರವನ್ನು ಬಾಯಿಗೆ ತುರುಕಿಕೊಂಡು ಕೊನೆಯ ಬಂಡಿ ಹಾಯುವವರೆಗೂ ನೋಡಿದಳು.

ಆಗ ಅವಳಿಗೊಂದು ಉಪಾಯ ಹೊಳೆಯಿತು. ಎತ್ತುಗಳು ಸೋತಲ್ಲೆಲ್ಲ ಜನ ಭಾರ ಇಳಿಸುತ್ತಿದ್ದರಲ್ಲ, ಆ ದಾರಿಯುದ್ದಕ್ಕೂ ಮೇಜು, ಬೀರು, ತೊಟ್ಟಿಲು ಬಿದ್ದಿದ್ದವು. ಅವುಗಳ ನಡುವೆ ಇನ್ನೊಂದು ಕುರ್ಚಿ ಯಾರ ಕಣ್ಣಿಗೆ ಬಿದ್ದೀತು? ಬಿದ್ದರೂ ಇದ್ದದ್ದನ್ನೇ ಎಸೆಯುವವರು ಇನ್ನೊಬ್ಬರದನ್ನು ಯಾಕೆ ಹೊತ್ತಾರು? ಡೆಲ್ಫಿಯ ಕುರ್ಚಿಯನ್ನು ಗುಂಡಿಯ ನೇರಕ್ಕೆ ದಂಡೆಯ ಮೇಲೆ ಇಟ್ಟಳು. ಹಾರ್ನ್‌ಬೆಕ್ ಕಂಡೂ ಕಾಣದವನಂತೆ ಮುಖ ತಿರುಗಿಸಿದ. ಮರವಿಲ್ಲ, ಗುಡ್ಡವಿಲ್ಲ, ಎತ್ತ ನೋಡಿದರೂ ಒಂದೇ ಥರದ ಹುಲ್ಲು ಬಯಲು. ಆ ಕುರ್ಚಿಯೊಂದೇ ಗುರುತು.

"ಕೈಗೊಂದಿಷ್ಟು ಬೆಳೆ ಬರ್ಲಿ. ನಾನೇ ಕಲ್ಲು ಕೆತ್ತಿ ತಗೊಂಡ್ಹೋಗಿ, ಅವಳನ್ನ ಜಾಡಿಂದ ಎತ್ತಿ ಪಕ್ಕಕ್ಕೆ ಮಲಗಿಸ್ತೀನಿ" ಎಂದು ಏಸಾ ಮಾತು ಕೊಟ್ಟ.

ಮೂರನೆಯ ಶರತ್ಕಾಲದಲ್ಲಿ ಹೇಸರಗತ್ತೆ ಹೊಡೆಯುವ ಒಬ್ಬ ಗಡ್ಡದವನು ಅವಳ ಪ್ರಶ್ನೆಗೆ ನಗಲಿಲ್ಲ. "ಕೆಂಪು ಕುರ್ಚಿ ತಾನೆ? ಕಂಡೆನಲ್ಲ. ಒಂದು ಹಕ್ಕಿ ಕೂತಿತ್ತು ಅದ್ರ ಮೇಲೆ" ಎಂದ. ಥರ್ಜಾ ಸೇಬಿನ ಕಡುಬನ್ನು ಇಡಿಯಾಗಿ ಅವನ ಕೈಗಿಟ್ಟಳು. ಆ ವಾರವೇ ಏಸಾ ಹೊಳೆಯಿಂದ ಕಲ್ಲು ತಂದು ಡೆಲ್ಫಿ ಎಂದು ಕೆತ್ತತೊಡಗಿದ. ಹಿಮ ಕರಗಿದ ಕೂಡಲೇ ಹೊರಡುವುದೆಂದು ನಿಶ್ಚಯವಾಯಿತು. ಥರ್ಜಾ ಹಾಲು ಕರೆಯುವಾಗ ಹಾಡುವುದನ್ನು ಕಣಿವೆ ಮೊದಲ ಸಲ ಕೇಳಿತು.

ಚಳಿಗಾಲದಲ್ಲಿ ಹೆಂಗಸರು ಒಂದೊಂದು ಮನೆಯಲ್ಲಿ ಸೇರಿ ಕೌದಿ ಹೊಲಿಯುತ್ತಿದ್ದರು. ಆ ಸಲ ಸೇರಿದ್ದು ರೊವೀನಾಳ ಮನೆಯಲ್ಲಿ. ಅದೇ ವರ್ಷ, ಆ ಗಡ್ಡದವನ ಹಿಂದೆಯೇ ಬಂದವಳು, ಆದರೆ ಬೆಟ್ಟದ ದಾರಿ ಬಿಟ್ಟು ನದಿಯಲ್ಲಿ ತೆಪ್ಪದ ಮೇಲೆ ಬಂದಿದ್ದರಿಂದ ಥರ್ಜಾಳ ಕೈಗೆ ಸಿಕ್ಕಿರಲಿಲ್ಲ. ಬಾಗಿಲು ದಾಟಿದ ಥರ್ಜಾ ಅಲ್ಲೇ ನಿಂತುಬಿಟ್ಟಳು. ಒಲೆಯ ಪಕ್ಕ ಕೆಂಪು ಕುರ್ಚಿ. ಅದರಲ್ಲಿ ರೊವೀನಾಳ ಮಗಳು ಮರ್ಟಿಲ್, ಮಡಿಲಲ್ಲಿ ಚಿಂದಿ ಗೊಂಬೆ ಮಲಗಿಸಿಕೊಂಡು ತಟ್ಟುತ್ತಿದ್ದಳು.

"ಎಷ್ಟು ಚೆನ್ನಾಗಿದೆ ಅಲ್ವಾ ಅಕ್ಕಾ?" ಎಂದಳು ರೊವೀನಾ. "ದಾರೀಲಿ ಸಿಕ್ತು. ನಡೆದೂ ನಡೆದೂ ಇವಳ ಪಾದ ಬಿರಿದು ರಕ್ತ ಬರ್ತಿತ್ತು. ಇದನ್ನ ಕಂಡದ್ದೇ ತಡ, ಓಡಿಹೋಗಿ ಕೂತ್ಬಿಟ್ಲು, ಏಳಲೇ ಇಲ್ಲ. ನನ್ನ ಬೀಸೋ ಕಲ್ಲನ್ನೇ ಎಸೆದು ಇದನ್ನ ಹಾಕ್ಕೊಂಡ್ವಿ. ಮಕ್ಕಳ ಕುರ್ಚೀನ ಹಿಂಗೆ ಬಿಸಾಕಿ ಹೋದೋರು ಎಂಥಾ ಕಲ್ಲೆದೆಯೋರೋ!"

"ಎಲ್ಲಿ ಸಿಕ್ತು?" ಥರ್ಜಾ ಕೇಳಿದಳು. "ಯಾವ ಜಾಗ? ಹೊಳೆ ತಿರುಗತ್ತಲ್ಲ, ಅದರ ಈಚೆಗೋ ಆಚೆಗೋ?"

"ಅಯ್ಯೋ, ಅದೆಲ್ಲ ಯಾರಿಗಕ್ಕಾ ನೆನಪಿರತ್ತೆ? ಎಲ್ಲಾ ಕಡೆ ಹುಲ್ಲೇ."

ಥರ್ಜಾ ಸೂಜಿಗೆ ದಾರ ಪೋಣಿಸಿದಳು. ತನ್ನ ಪಾಲಿನ ಅಂಚನ್ನು ಪೂರ್ತಿ ಹೊಲಿದು ಕೊಟ್ಟೇ ಎದ್ದಳು. ತೋಳ, ಕಳ್ಳ, ಭಾರ ಎಸೆಯುವವರು ಎಲ್ಲರ ಲೆಕ್ಕ ಹಾಕಿದ್ದ ಅವಳು, ನಡೆದು ಸೋತ ಮಗುವಿರುವ ತಾಯಿಯೊಬ್ಬಳು ಹಿಂದೆ ಬರುತ್ತಿರಬಹುದೆಂದು ಮಾತ್ರ ಯೋಚಿಸಿರಲಿಲ್ಲ. ಆ ನೋವನ್ನು ಯಾರ ಮೇಲೆ ಹಾಕುವುದು?

ಮನೆಗೆ ಬಂದು ಹೇಳಿದಾಗ ಏಸಾ ಉಳಿಯನ್ನು ಕೆಳಗಿಟ್ಟ. "ನಾನು ಮಾಡಿದ ಕುರ್ಚಿ ಅದು. ಈಗಲೇ ಹೋಗಿ ಇಸ್ಕೊಂಡ್ ಬರ್ತೀನಿ."

"ಬೇಡ" ಎಂದಳು. "ಅದ್ರಲ್ಲಿ ಮಗು ಕೂತಿದೆ ಕಣ್ರೀ."

ಕಲ್ಲು ಕೊಟ್ಟಿಗೆಯಲ್ಲೇ ಉಳಿಯಿತು, ಹೆಸರು ಗೋಡೆಯ ಕಡೆಗೆ. ಮುಂದಿನ ಶರತ್ಕಾಲದಲ್ಲಿ ಬಂಡಿಗಳು ಬಂದಾಗ ಥರ್ಜಾ ರಸ್ತೆಗೆ ಓಡಲಿಲ್ಲ. ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಟ್ಟಳು. ಏನೂ ಕೇಳಲಿಲ್ಲ.